ಜಿನುಗುವುದು, ಜಿನುಗಿಸುವುದು

ಚುನಾವಣೆಯ ಫಲಿತಾಂಶ ಬರುವ ದಿನ ಇಂಗ್ಲಿಷ್ ಸುದ್ದಿವಾಹಿನಿಗಳಲ್ಲಿ ಬೆಳಿಗ್ಗೆ ಎಂಟರಿಂದಲೇ ಕಿವಿಗೆ ಬೀಳುವ ಕ್ರಿಯಾಪದ ‘ಟ್ರಿಕಲ್’. ಅಂಕಿಗಳು ‘ಟ್ರಿಕಲ್ ಇನ್’ ಆಗುತ್ತಿವೆ ಎಂದರೆ ಒಂದೊಂದೇ ಕ್ಷೇತ್ರದಿಂದ ಸುದ್ದಿ ಬರತೊಡಗಿದೆ, ಚಿತ್ರ ಇನ್ನೂ ಸ್ಪಷ್ಟವಾಗಿಲ್ಲ ಎಂದರ್ಥ. ಬೇಸಿಗೆಯಲ್ಲಿ ಜೋಗದ ಬಗ್ಗೆ ಬರೆಯುವ ಇಂಗ್ಲಿಷ್ ವರದಿಗಾರ ಜಲಪಾತ ‘ಟ್ರಿಕಲ್’ ಮಟ್ಟಕ್ಕೆ ಇಳಿದಿದೆ ಎನ್ನುತ್ತಾನೆ. ಬಜೆಟ್ಟಿನ ಮರುದಿನ ಸಂಪಾದಕೀಯ ಪುಟದಲ್ಲಿ ಅದೇ ಪದ ‘ಡೌನ್’ ಎಂಬ ಬಾಲ ಅಂಟಿಸಿಕೊಂಡು ಬರುತ್ತದೆ: ‘ಟ್ರಿಕಲ್ ಡೌನ್’. ಮೊದಲ ಎರಡನ್ನು ಅರ್ಥಮಾಡಿಕೊಳ್ಳಲು ನಿಘಂಟು ಸಾಕು. ಮೂರನೆಯದು ಹಾಗಲ್ಲ. ಅದರ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ವಾದವಿದೆ. ಆ ವಾದದ ಬಹುಪಾಲು ಈ ಸಣ್ಣ ಕ್ರಿಯಾಪದದ ವ್ಯಾಕರಣದಲ್ಲೇ ಅಡಗಿದೆ ಎಂದು ನನಗೆ ಅನ್ನಿಸುತ್ತದೆ.

ಮೊದಲು ಅರ್ಥ. ದ್ರವವೊಂದು ಸಣ್ಣ ಪ್ರಮಾಣದಲ್ಲಿ, ನಿಧಾನವಾಗಿ, ಸಣ್ಣ ಗೆರೆಯಂತೆ ಹರಿದುಹೋಗುವುದಕ್ಕೆ ಟ್ರಿಕಲ್ ಎನ್ನುತ್ತಾರೆ. ಇದರ ಅಕ್ಕಪಕ್ಕದಲ್ಲಿ ಇಂಗ್ಲಿಷಿನಲ್ಲಿ ಇನ್ನೂ ಕೆಲವು ಪದಗಳಿವೆ. ವಿದ್ಯಾರ್ಥಿಗಳು ಗೊಂದಲಕ್ಕೆ ಬೀಳುವುದು ಅಲ್ಲೇ. ಡ್ರಿಪ್ ಎಂದರೆ ಹನಿಹನಿಯಾಗಿ, ಎರಡು ಹನಿಗಳ ನಡುವೆ ಬಿಡುವು ಕೊಟ್ಟು ಬೀಳುವುದು. ನಮ್ಮ ‘ತೊಟ್ಟಿಕ್ಕು’ ಅದಕ್ಕೆ ಸರಿಯಾದ ಜೋಡಿ. ಸೀಪ್ ಎಂದರೆ ಮಣ್ಣು, ಕಲ್ಲು, ಗೋಡೆಗಳ ಸಂದಿನಿಂದ ಕಂಡೂ ಕಾಣದಂತೆ ಹೊರಬರುವುದು, ಅದು ‘ಒಸರು’. ಊಜ್ ಎಂಬುದಕ್ಕೆ ಸ್ವಲ್ಪ ಮಂದವಾದ, ಅಂಟಾದ ದ್ರವ ಬೇಕು. ಗಾಯದ ಕೀವು, ಮರದ ಅಂಟು ಊಜ್ ಆಗುತ್ತವೆ. ಲೀಕ್ ಎಂದರೆ ಹೋಗಬಾರದ ಕಡೆ ಹೋಗುವುದು, ಅಂದರೆ ‘ಸೋರು’. ಮೇಲಿನ ನೀರು ನೆಲದೊಳಕ್ಕೆ ಇಳಿದು ಹೋಗುವ ಪರ್ಕೊಲೇಟ್‌ಗೆ ‘ಇಂಗು’ ಎಂಬ ಎರಡಕ್ಷರದ ಪದ ನಮ್ಮಲ್ಲಿ ಮೊದಲಿನಿಂದಲೂ ಇದೆ.

ಟ್ರಿಕಲ್‌ಗೆ ಮಾತ್ರ ಒಂದೇ ಪದದ ಉತ್ತರ ಸಿಗುವುದು ಕಷ್ಟ. ಬಹಳ ಮಂದಿ ‘ಜಿನುಗು’ ಎಂದು ಬರೆಯುತ್ತಾರೆ. ಅನೇಕ ಕಡೆ ಅದು ಒಪ್ಪುತ್ತದೆ. ಆದರೆ ‘ಜಿನುಗು’ ಎಂದಾಗ ನಮ್ಮ ಗಮನ ನೀರು ಹೊರಬರುವ ಜಾಗದ ಮೇಲಿರುತ್ತದೆ. ಟ್ರಿಕಲ್ ಎಂದಾಗ ಇಂಗ್ಲಿಷ್ ಓದುಗನ ಗಮನ ಅದು ಸಾಗುವ ದಾರಿಯ ಮೇಲಿರುತ್ತದೆ. ಕಣ್ಣಂಚಿನಲ್ಲಿ ನೀರು ಜಿನುಗಿತು. ಆಮೇಲೆ ಕೆನ್ನೆಯ ಮೇಲೆ ಇಳಿಯಿತು. ಇಂಗ್ಲಿಷಿನ ಟ್ರಿಕಲ್ ಈ ಎರಡನೆಯ ಹಂತದ್ದು. ಕಥೆಯೊಂದನ್ನು ಅನುವಾದಿಸುವವರು ‘ಕೆನ್ನೆಯ ಮೇಲೆ ಕಣ್ಣೀರು ಜಿನುಗಿತು’ ಎಂದು ಬರೆದರೆ ಕನ್ನಡದ ಕಿವಿಗೆ ಏನೋ ತಡೆಯುತ್ತದೆ, ಏಕೆಂದರೆ ಕೆನ್ನೆಯಿಂದ ಕಣ್ಣೀರು ಹುಟ್ಟುವುದಿಲ್ಲ. ಅಲ್ಲಿ ‘ಇಳಿಯಿತು’ ಎಂಬ ಸರಳ ಪದವೇ ಸರಿ. ಸಭೆಗೆ ಜನ ಟ್ರಿಕಲ್ ಆದರು ಎಂಬಲ್ಲಿ ನೀರಿನ ಚಿತ್ರವನ್ನೇ ಬಿಟ್ಟು ‘ಒಬ್ಬೊಬ್ಬರಾಗಿ ಬರತೊಡಗಿದರು’ ಎನ್ನಬೇಕು. ದೇಣಿಗೆ ‘ಟ್ರಿಕಲ್’ ಆಗಿ ಬರುತ್ತಿದೆ ಎಂದರೆ ಬರುತ್ತಿದೆ ಎಂಬ ಸಮಾಧಾನಕ್ಕಿಂತ ಸಾಲದು ಎಂಬ ಕೊರಗೇ ಹೆಚ್ಚು. ನಾಮಪದವಾಗಿ ಬಂದಾಗಲಂತೂ ಈ ಪದದಲ್ಲಿ ಅಭಾವದ ಛಾಯೆ ಇದ್ದೇ ಇರುತ್ತದೆ.

ಪದ ಹಳೆಯದು. 14ನೇ ಶತಮಾನದ ಕೊನೆಯ ಭಾಗದಲ್ಲಿ ಚಾಸರ್ ಬರೆದ ‘ಕ್ಯಾಂಟರ್ಬರಿ ಟೇಲ್ಸ್’ನಲ್ಲಿ, ಮಠಾಧಿಪತಿಯೊಬ್ಬ ಅಳುವ ಸಂದರ್ಭದಲ್ಲಿ ಇದು ಬರುತ್ತದೆ. ಹುಟ್ಟು ಖಚಿತವಾಗಿಲ್ಲ. ‘ಸ್ಟ್ರಿಕಲ್’ ಎಂಬ ರೂಪ ಮೊದಲಿದ್ದು, ಅದರ ಮೊದಲಿನ ಸಕಾರ ಸವೆದುಹೋಗಿ ‘ಟ್ರಿಕಲ್’ ಉಳಿದಿರಬಹುದು ಎಂಬುದು ವಿದ್ವಾಂಸರ ಒಂದು ಊಹೆ. ಇಂಗ್ಲಿಷಿನಲ್ಲಿ ಕಣ್ಣೀರು ಎಂಬ ಪದದ ಬಹುವಚನ ಸಕಾರದಲ್ಲೇ ಮುಗಿಯುತ್ತದೆ. ಕಣ್ಣೀರಿನ ಪಕ್ಕದಲ್ಲೇ ಸದಾ ಬರುತ್ತಿದ್ದ ಕ್ರಿಯಾಪದದ ಮೊದಲ ಸಕಾರ ಅದರಲ್ಲಿ ಕರಗಿಹೋಗುವುದು ಅಸಹಜವೇನಲ್ಲ. ಅಂತೂ ಮೊದಲಿನಿಂದಲೂ ಇದು ತಾನಾಗಿ ನಡೆಯುವ ಕ್ರಿಯೆ. ಯಾರೂ ಹರಿಸಬೇಕಿಲ್ಲ, ದುಃಖ ಬಂದರೆ ಕಣ್ಣೀರು ಇಳಿಯುತ್ತದೆ.

ವ್ಯಾಕರಣದ ಭಾಷೆಯಲ್ಲಿ ಹೇಳುವುದಾದರೆ ಟ್ರಿಕಲ್ ಬಹುಮಟ್ಟಿಗೆ ಅಕರ್ಮಕ. ಅಡುಗೆ ಪುಸ್ತಕಗಳಲ್ಲಿ ಎಣ್ಣೆಯನ್ನು ಟ್ರಿಕಲ್ ಮಾಡಿ ಎಂಬ ಬಳಕೆ ಇದೆ, ಇಲ್ಲವೆಂದಲ್ಲ. ಆದರೆ ಸಾಮಾನ್ಯ ಮಾತಿನಲ್ಲಿ ಆ ವಾಕ್ಯಕ್ಕೆ ಮಾಡುವವನು ಬೇಕಾಗುವುದಿಲ್ಲ. ಕನ್ನಡ ಇಲ್ಲಿ ಹೆಚ್ಚು ಕಟ್ಟುನಿಟ್ಟು. ಇಳಿ ಬೇರೆ, ಇಳಿಸು ಬೇರೆ. ಹರಿ ಬೇರೆ, ಹರಿಸು ಬೇರೆ. ಮಳೆನೀರು ತಾನಾಗಿ ನೆಲ ಸೇರಿದರೆ ‘ಇಂಗಿತು’; ಬದು ಕಟ್ಟಿ, ಗುಂಡಿ ತೋಡಿ ಸೇರುವಂತೆ ಮಾಡಿದರೆ ‘ಇಂಗಿಸಿದರು’. ಒಬ್ಬ ಕೈ ಹಾಕಿದ್ದಾನೆ ಎಂದು ಹೇಳಲು ಒಂದು ‘ಇಸು’ ಪ್ರತ್ಯಯ ಸಾಕು, ಮತ್ತು ಅದು ಬಂದ ತಕ್ಷಣ ‘ಯಾರು?’ ಎಂಬ ಪ್ರಶ್ನೆಯೂ ಏಳುತ್ತದೆ.

ನಿಧಾನದ ಹರಿವು ಉಪಯೋಗಕ್ಕೆ ಬಂದ ಕಡೆಯಲ್ಲೆಲ್ಲ ಈ ‘ಇಸು’ ಇದೆ. ಗಡಿಯಾರ ಬರುವ ಮುಂಚೆ ನಮ್ಮಲ್ಲಿ ಹೊತ್ತು ಅಳೆಯುತ್ತಿದ್ದ ಗಳಿಗೆ ಬಟ್ಟಲನ್ನೇ ನೋಡಿ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಪಾತ್ರೆಯಲ್ಲಿ ತೇಲಿಬಿಟ್ಟರೆ ನೀರು ಒಳಗೇರಿ, ಬಟ್ಟಲು ತುಂಬಿ ಮುಳುಗುವಷ್ಟರಲ್ಲಿ ಒಂದು ಗಳಿಗೆ, ಅಂದರೆ 24 ನಿಮಿಷ. ದಿನಕ್ಕೆ 60 ಗಳಿಗೆ. ತೂತು ಕೂದಲೆಳೆಯಷ್ಟು ಹಿಗ್ಗಿದರೂ ಮುಹೂರ್ತ ತಪ್ಪುತ್ತದೆ. ಹಾಗಾಗಿ ಆ ತೂತನ್ನು ಕೊರೆದ ಕಂಚುಗಾರನ ಕೈಯೂ, ಬಟ್ಟಲು ಮುಳುಗುವುದನ್ನು ಕಾದು ಕೂತವನ ಕಣ್ಣೂ ಆ ಹರಿವಿನ ಭಾಗವೇ ಆಗಿದ್ದವು.

ಇಪ್ಪತ್ತನೇ ಶತಮಾನದ ದೊಡ್ಡ ಉದಾಹರಣೆ ಹನಿ ನೀರಾವರಿ. ಇಂಗ್ಲಿಷಿನಲ್ಲಿ ಇದಕ್ಕೆ ‘ಡ್ರಿಪ್’ ಎನ್ನುವಂತೆ ‘ಟ್ರಿಕಲ್ ಇರಿಗೇಶನ್’ ಎಂಬ ಹೆಸರೂ ಇದೆ. ಇಸ್ರೇಲಿನ ಜಲ ಎಂಜಿನಿಯರ್ ಸಿಮ್ಹಾ ಬ್ಲಾಸ್ 1930ರ ದಶಕದಲ್ಲಿ ಸಾಲುಮರಗಳ ನಡುವೆ ಒಂದು ಮರ ಮಾತ್ರ ಎತ್ತರಕ್ಕೆ ಬೆಳೆದಿದ್ದನ್ನು ಕಂಡು ಕಾರಣ ಹುಡುಕಿದಾಗ, ಅದರ ಬುಡದ ಹತ್ತಿರ ಕೊಳವೆಯೊಂದು ಸೋರುತ್ತಿದ್ದುದು ತಿಳಿಯಿತಂತೆ. ಕತೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ, ಆದರೆ ನಿಜವಾದ ಕೆಲಸ ಶುರುವಾಗಿದ್ದು ಆಮೇಲೆ. ಸೋರುವ ಕೊಳವೆಯನ್ನು ಎಲ್ಲರೂ ನೋಡಿರುತ್ತಾರೆ. ಕೊಳವೆಗೆ ಸಣ್ಣ ತೂತು ಕೊರೆದರೆ ನೀರೇನೋ ನಿಧಾನವಾಗುತ್ತದೆ. ನಾಲ್ಕು ದಿನದಲ್ಲಿ ಮರಳಿನ ಕಣ ಸಿಕ್ಕಿ ತೂತು ಮುಚ್ಚಿಹೋಗುತ್ತದೆ. ಬ್ಲಾಸ್ ಮತ್ತು ಅವರ ಮಗ ಕಂಡುಕೊಂಡ ದಾರಿ ಬೇರೆ. ತೂತನ್ನು ಕಿರಿದು ಮಾಡುವ ಬದಲು ನೀರು ಸಾಗುವ ದಾರಿಯನ್ನು ಉದ್ದ ಮಾಡಿದರು. ಪ್ಲಾಸ್ಟಿಕ್ಕಿನ ಪುಟ್ಟ ಬಿರಡೆಯೊಳಗೆ ಸುರುಳಿ ಸುರುಳಿಯಾದ ಕಾಲುವೆ. ಅದರ ಗೋಡೆಗಳಿಗೆ ಉಜ್ಜುತ್ತ ಉಜ್ಜುತ್ತ ನೀರು ವೇಗ ಕಳೆದುಕೊಂಡು ಹೊರಬರುತ್ತದೆ, ಕಸ ಸಿಕ್ಕಿಕೊಳ್ಳುವಷ್ಟು ದಾರಿ ಕಿರಿದಾಗಿರುವುದಿಲ್ಲ. 1965ರಲ್ಲಿ ನೆಗೆವ್ ಮರುಭೂಮಿಯ ಹತ್ಸೆರಿಮ್ ಎಂಬ ಸಮುದಾಯ ಗ್ರಾಮದಲ್ಲಿ ನೆಟಾಫಿಮ್ ಕಂಪನಿ ಹುಟ್ಟಿದ್ದು ಈ ಬಿರಡೆಯನ್ನು ನಂಬಿ.

ಕೋಲಾರದ ಟೊಮೆಟೊ ತೋಟದಲ್ಲಿ ಇಂದು ಗಂಟೆಗೆ 2 ಅಥವಾ 4 ಲೀಟರ್ ಬಿಡುವ ಡ್ರಿಪ್ಪರುಗಳು ಸಾಲುಸಾಲಾಗಿವೆ. ‘ಡ್ರಿಪ್ ಹಾಕ್ಸಿದೀವಿ’ ಎಂದು ರೈತ ಹೇಳುವಾಗ ಆ ‘ಹಾಕ್ಸಿದೀವಿ’ಯಲ್ಲಿ ಎಷ್ಟು ಕೆಲಸವಿದೆ! ಕೊಳವೆಬಾವಿಯ ನೀರು ಫಿಲ್ಟರ್ ದಾಟಿ ಮುಖ್ಯ ಪೈಪಿಗೆ ಬರಬೇಕು, ಒತ್ತಡ ಎಲ್ಲ ಸಾಲಿಗೂ ಸಮನಾಗಿ ಸಿಗಬೇಕು. ಗಡಸು ನೀರಾದರೆ ಸುಣ್ಣದಂತೆ ಕಟ್ಟಿಕೊಂಡ ಲವಣವನ್ನು ಆಸಿಡ್ ಬಿಟ್ಟು ತೊಳೆಯಬೇಕು. ಇಲಿ, ಅಳಿಲು ಪೈಪು ಕಡಿದರೆ ಹುಡುಕಿ ಜೋಡಿಸಬೇಕು. ಸಾಲಿನ ಕೊನೆಯ ಗಿಡಕ್ಕೆ ನೀರು ತಲುಪಿತೇ ಎಂದು ಬಗ್ಗಿ ನೋಡುವವರು ಬೇಕು. ಇಷ್ಟಾದ ಮೇಲೆ ನೀರು ಗಿಡದ ಬುಡಕ್ಕೆ ಇಳಿಯುತ್ತದೆ.

ಇನ್ನೆರಡು ಬಳಕೆಗಳನ್ನು ಬೇಗ ಹೇಳಿಬಿಡುತ್ತೇನೆ. ಚರಂಡಿ ನೀರನ್ನು ಶುದ್ಧಿ ಮಾಡುವ ‘ಟ್ರಿಕ್ಲಿಂಗ್ ಫಿಲ್ಟರ್’ ಇಂಗ್ಲೆಂಡಿನಲ್ಲಿ 1893ರಲ್ಲೇ ಕೆಲಸ ಆರಂಭಿಸಿತ್ತು. ಹೆಸರಲ್ಲಿ ಫಿಲ್ಟರ್ ಇದ್ದರೂ ಅದು ಏನನ್ನೂ ಸೋಸುವುದಿಲ್ಲ. ಜಲ್ಲಿಕಲ್ಲಿನ ಹಾಸಿನ ಮೇಲೆ ಕೊಳಚೆ ನೀರನ್ನು ತೆಳ್ಳಗೆ ಚಿಮುಕಿಸುತ್ತಾರೆ. ಕಲ್ಲುಗಳ ಮೈಮೇಲೆ ಲೋಳೆಯಂತೆ ಬೆಳೆದ ಸೂಕ್ಷ್ಮಜೀವಿಗಳು ಹಾದುಹೋಗುವ ಕೊಳೆಯನ್ನು ತಿನ್ನುತ್ತವೆ. ನೀರು ಜೋರಾಗಿ ಹರಿದರೆ ಅವಕ್ಕೆ ತಿನ್ನಲು ಸಮಯವಿರದು; ನಿಂತರೆ ಗಾಳಿ ಸಿಗದು. ‘ಟ್ರಿಕಲ್ ಚಾರ್ಜಿಂಗ್’ ಬ್ಯಾಟರಿಯ ವಿಷಯ. ಸೀಸದ ಬ್ಯಾಟರಿ ಸುಮ್ಮನೆ ಇಟ್ಟರೂ ಸ್ವಲ್ಪ ಸ್ವಲ್ಪ ಶಕ್ತಿ ಕಳೆದುಕೊಳ್ಳುತ್ತದೆ. ಕಳೆದುಕೊಂಡಷ್ಟನ್ನೇ ಮತ್ತೆ ಊಡಲು ಮನೆಯ ಇನ್ವರ್ಟರ್ 12 ವೋಲ್ಟಿನ ಬ್ಯಾಟರಿಯನ್ನು ಸುಮಾರು 13.5ರಿಂದ 13.8 ವೋಲ್ಟಿನಲ್ಲಿ ಹಿಡಿದಿಟ್ಟಿರುತ್ತದೆ. ಅಲ್ಲೂ ಲೆಕ್ಕ ಹಾಕಿ ಬಿಟ್ಟ ಹರಿವು.

ತಾನಾಗಿಯೇ ಒಸರುವ ನೀರಿಗೂ ಶ್ರಮ ತಪ್ಪಿದ್ದಲ್ಲ. ದಕ್ಷಿಣ ಕನ್ನಡ, ಕಾಸರಗೋಡಿನ ಗುಡ್ಡಗಳಲ್ಲಿ ಮುರಕಲ್ಲಿನ ಪದರವು ಮಳೆನೀರನ್ನು ಹೀರಿ ಇಟ್ಟುಕೊಳ್ಳುತ್ತದೆ. ಅದರ ಕೆಳಗಿನ ಜೇಡಿಮಣ್ಣು ನೀರನ್ನು ಕೆಳಗೆ ಬಿಡುವುದಿಲ್ಲ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದರೆ ಆ ನೀರು ಗೋಡೆಯಿಂದ ಒಸರಿ, ನೆಲದ ಇಳಿಜಾರಿನಲ್ಲಿ ಸಣ್ಣ ಗೆರೆಯಾಗಿ ಹೊರಗೆ ಬರುತ್ತದೆ. ಪಂಪು ಬೇಡ, ವಿದ್ಯುತ್ ಬೇಡ. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೇರೆಯವರ ಅಡಿಕೆ ತೋಟದಲ್ಲಿ ಕೂಲಿ ಮಾಡುತ್ತ, ಉಳಿದ ಹೊತ್ತಿನಲ್ಲಿ ಒಬ್ಬರೇ ತಮ್ಮ ಬೋಳು ಗುಡ್ಡವನ್ನು ಕೊರೆದರು. ಐದು ಸುರಂಗಗಳಲ್ಲಿ ನೀರು ಸಿಗಲಿಲ್ಲ. ಆರನೆಯದರಲ್ಲಿ ಸಿಕ್ಕಿತು. ಆ ನೀರಲ್ಲಿ ಅಡಿಕೆ, ತೆಂಗು, ಬಾಳೆ ಎದ್ದವು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಒಸರುವುದು ನೀರಿನ ಗುಣವಾದರೂ ಅದಕ್ಕೆ ಬಾಯಿ ಕೊರೆದವರು ಅವರು.

ಈಗ ಅರ್ಥಶಾಸ್ತ್ರಕ್ಕೆ ಬರೋಣ. ಶ್ರೀಮಂತರ, ದೊಡ್ಡ ಉದ್ದಿಮೆಗಳ ಮೇಲಿನ ತೆರಿಗೆ ಇಳಿಸಿದರೆ ಅವರು ಹೂಡಿಕೆ ಮಾಡುತ್ತಾರೆ, ಉದ್ಯೋಗ ಹುಟ್ಟುತ್ತದೆ, ಕೊನೆಗೆ ಫಲ ಬಡವರಿಗೂ ಇಳಿದುಬರುತ್ತದೆ: ಇದು ‘ಟ್ರಿಕಲ್ ಡೌನ್’ ಎಂಬ ಹೆಸರಿನಲ್ಲಿ ಚರ್ಚೆಯಾಗುವ ವಿಚಾರ. ವಿಚಾರ ಹೆಸರಿಗಿಂತ ಹಳೆಯದು. 1896ರಲ್ಲಿ ಶಿಕಾಗೋದಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಮಾತನಾಡಿದ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್, ಅನುಕೂಲಸ್ಥರನ್ನು ಸಮೃದ್ಧಗೊಳಿಸಿದರೆ ಅದು ಕೆಳಗಿನವರಿಗೆ ತಲುಪುತ್ತದೆಂದು ನಂಬುವ ಒಂದು ಪಂಥವಿದೆ, ಜನಸಾಮಾನ್ಯರನ್ನು ಸಮೃದ್ಧಗೊಳಿಸಿದರೆ ಅದು ಮೇಲಿನವರೆಗೂ ಏರುತ್ತದೆಂದು ನಂಬುವ ಇನ್ನೊಂದು ಪಂಥವಿದೆ ಎಂದು ಹೇಳಿದ್ದರು. ಮೊದಲ ಪಂಥವನ್ನು ವರ್ಣಿಸಲು ಅವರು ಬಳಸಿದ ಕ್ರಿಯಾಪದ ಟ್ರಿಕಲ್ ಅಲ್ಲ, ಲೀಕ್. ಸೋರಿಕೆ.

ಟ್ರಿಕಲ್ ಪದವನ್ನು ಈ ವಾದಕ್ಕೆ ಅಂಟಿಸಿದ ಖ್ಯಾತಿ ಸಾಮಾನ್ಯವಾಗಿ ಹಾಸ್ಯಗಾರ, ಅಂಕಣಕಾರ ವಿಲ್ ರೋಜರ್ಸ್‌ಗೆ ಸಲ್ಲುತ್ತದೆ. ಚೆರೊಕೀ ಮೂಲನಿವಾಸಿ ಕುಟುಂಬದಲ್ಲಿ ಹುಟ್ಟಿದ ಆತ ಆಗಿನ ಅಮೆರಿಕದ ಮನೆಮಾತು. 1932, ಮಹಾ ಆರ್ಥಿಕ ಕುಸಿತದ ಕಾಲ. ಅಧ್ಯಕ್ಷ ಹೂವರ್ ಆ ವರ್ಷದ ಆರಂಭದಲ್ಲಿ ಬ್ಯಾಂಕು, ರೈಲ್ವೆಗಳಿಗೆ ಸಾಲ ಕೊಡುವ ಸಂಸ್ಥೆಯೊಂದನ್ನು ಸ್ಥಾಪಿಸಿದ್ದರು. ನವೆಂಬರಿನ ಚುನಾವಣೆಯಲ್ಲಿ ಸೋತರು. ಸೋಲಿನ ಬಳಿಕ ರೋಜರ್ಸ್ ಬರೆದ ಅಂಕಣದ ತಾತ್ಪರ್ಯ ಹೀಗಿದೆ: ಬಡವರಿಗೆ ಇಳಿದೀತೆಂಬ ಆಸೆಯಿಂದ ಹಣವನ್ನೆಲ್ಲ ಮೇಲಿನವರಿಗೆ ಕೊಡಲಾಯಿತು, ಹೂವರ್ ಎಂಜಿನಿಯರ್, ನೀರು ಕೆಳಕ್ಕೆ ಇಳಿಯುತ್ತದೆಂದು ಅವರಿಗೆ ಗೊತ್ತು, ಹಣ ಮೇಲಕ್ಕೆ ಏರುತ್ತದೆಂಬುದು ಗೊತ್ತಿರಲಿಲ್ಲ, ತಳದಲ್ಲಿರುವವರಿಗೆ ಕೊಟ್ಟರೂ ರಾತ್ರಿಯೊಳಗೆ ಅದು ಮೇಲಿನವರ ಕೈ ಸೇರುತ್ತದೆ, ಆದರೆ ಅಷ್ಟರೊಳಗೆ ಬಡವನ ಕೈ ಹಾದು ಹೋಗಿರುತ್ತದೆ. ಹೂವರ್ ನಿಜವಾಗಿಯೂ ಗಣಿ ಎಂಜಿನಿಯರ್ ಆಗಿದ್ದವರು. ನಗಿಸಲು ಬರೆದ ಈ ಮಾತಿನಲ್ಲಿ ನಿಜವಾದ ವಿಶ್ಲೇಷಣೆ ಇದೆ. ನೀರನ್ನು ಕೆಳಗೆಳೆಯುವುದು ಗುರುತ್ವ. ಹಣವನ್ನು ಕೆಳಗೆಳೆಯುವ ಅಂಥ ನಿಸರ್ಗ ನಿಯಮ ಯಾವುದೂ ಇಲ್ಲ.

ಅಲ್ಲಿಂದ ಮುಂದೆ ಈ ಪದ ಬಹುಮಟ್ಟಿಗೆ ಟೀಕಾಕಾರರ ಕೈಯಲ್ಲೇ ಉಳಿಯಿತು. ರೇಗನ್ ಕಾಲದಲ್ಲಿ ಅಮೆರಿಕದ ವೈಯಕ್ತಿಕ ಆದಾಯ ತೆರಿಗೆಯ ಅತಿ ಮೇಲಿನ ದರ ಶೇ 70ರಿಂದ ಮೊದಲು 50ಕ್ಕೆ, ಆಮೇಲೆ 28ಕ್ಕೆ ಇಳಿಯಿತು. ಆ ನೀತಿಯ ಬೆಂಬಲಿಗರು ಅದನ್ನು ‘ಸಪ್ಲೈ ಸೈಡ್’ ಎಂದು ಕರೆದರು. 1981ರಲ್ಲಿ ರೇಗನ್ನರ ಬಜೆಟ್ ನಿರ್ದೇಶಕ ಡೇವಿಡ್ ಸ್ಟಾಕ್‌ಮನ್, ಇದು ಟ್ರಿಕಲ್ ಡೌನ್‌ನ ಮತ್ತೊಂದು ಹೆಸರೇ ಎಂಬ ಅರ್ಥದಲ್ಲಿ ‘ಅಟ್ಲಾಂಟಿಕ್’ ಪತ್ರಿಕೆಯ ಲೇಖನಕ್ಕಾಗಿ ಪತ್ರಕರ್ತನೊಬ್ಬನೊಂದಿಗೆ ಮಾತನಾಡಿ ದೊಡ್ಡ ಗದ್ದಲಕ್ಕೆ ಕಾರಣರಾದರು. ಅರ್ಥಶಾಸ್ತ್ರಜ್ಞ ಥಾಮಸ್ ಸೋವೆಲ್ ಇದಕ್ಕೆ ಎತ್ತುವ ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಇಂಥದೊಂದು ಸಿದ್ಧಾಂತವನ್ನು ಯಾವ ಅರ್ಥಶಾಸ್ತ್ರಜ್ಞನೂ ಮಂಡಿಸಿಲ್ಲ, ಎದುರಾಳಿಗಳು ಕಟ್ಟಿದ ಹೆಸರಿದು ಎನ್ನುತ್ತಾರೆ ಅವರು. ಉದ್ದಿಮೆಯಲ್ಲಿ ಕಾರ್ಮಿಕನಿಗೆ ಸಂಬಳ ಮೊದಲು ಸಿಗುತ್ತದೆ, ಮಾಲೀಕನಿಗೆ ಲಾಭ ಸಿಕ್ಕರೆ ಆಮೇಲೆ. ಹಾಗಿರುವಾಗ ಇಳಿದುಬರುವ ಚಿತ್ರವೇ ತಪ್ಪು ಎಂಬುದು ಅವರ ವಾದ. ಹೆಸರು ಎದುರಾಳಿಗಳದ್ದು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಮೇಲಿನವರಿಗೆ ಮೊದಲು ಕೊಡೋಣ, ಉಳಿದದ್ದು ಆಗುತ್ತದೆ ಎಂಬ ಮಾತನ್ನು ಹೆಸರಿಡದೆಯೇ ಹೇಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ.

ಭಾಷೆ ಬದಲಾದರೆ ಚಿತ್ರವೂ ಬದಲಾಗುತ್ತದೆ. 2013ರಲ್ಲಿ ಪೋಪ್ ಫ್ರಾನ್ಸಿಸ್ ಪ್ರಕಟಿಸಿದ ‘ಇವಾಂಜೆಲಿ ಗೌಡಿಯಮ್’ ಎಂಬ ಪತ್ರದಲ್ಲಿ ಈ ನಂಬಿಕೆಯನ್ನು ಕಟುವಾಗಿ ಟೀಕಿಸಿದ್ದರು. ಇಂಗ್ಲಿಷ್ ಪಾಠದಲ್ಲಿ ‘ಟ್ರಿಕಲ್ ಡೌನ್’ ಎಂದಿದೆ. ಸ್ಪ್ಯಾನಿಷ್ ಪಾಠದಲ್ಲಿರುವ ಪದ ‘ದೆರ್ರಾಮೆ’, ಅಂದರೆ ತುಂಬಿ ಹೊರಚೆಲ್ಲುವುದು. ಸ್ಪ್ಯಾನಿಷ್ ಓದುಗನಿಗೆ ಮೊದಲು ಮೇಲಿನ ಪಾತ್ರೆ ತುಂಬಬೇಕು, ಆಮೇಲೆ ಚೆಲ್ಲಬೇಕು. ಇಂಗ್ಲಿಷ್ ಓದುಗನಿಗೆ ಮೊದಲಿನಿಂದಲೂ ಸ್ವಲ್ಪ ಸ್ವಲ್ಪ ಇಳಿಯುತ್ತಲೇ ಇರುತ್ತದೆ. ಪಾತ್ರೆಯೇ ಹಿಗ್ಗುತ್ತ ಹೋದರೆ ಚೆಲ್ಲುವುದು ಯಾವಾಗ ಎಂಬ ಪ್ರಶ್ನೆ ಸ್ಪ್ಯಾನಿಷಿನಲ್ಲಿ ಸಹಜವಾಗಿ ಏಳುತ್ತದೆ, ಇಂಗ್ಲಿಷಿನಲ್ಲಿ ಏಳುವುದಿಲ್ಲ.

ನಮ್ಮ ದೇಶದಲ್ಲಿ ಹಣ ಮೇಲಿನಿಂದ ಕೆಳಗಿಳಿಯುವ ಕೊಳವೆಯ ಬಗ್ಗೆ ಇನ್ನೊಂದು ಪದ ಹೆಚ್ಚು ಬಳಕೆಯಲ್ಲಿದೆ. 1985ರಲ್ಲಿ ಬರಪೀಡಿತ ಕಾಳಾಹಂಡಿಗೆ ಹೋಗಿದ್ದ ರಾಜೀವ್ ಗಾಂಧಿ, ಸರ್ಕಾರ ಒಂದು ರೂಪಾಯಿ ಖರ್ಚು ಮಾಡಿದರೆ ಬಡವರಿಗೆ ತಲುಪುವುದು 15 ಪೈಸೆ ಎಂದರು. ಉಳಿದದ್ದು ಸೋರಿಕೆ. ಗಮನಿಸಬೇಕಾದ ವಿಷಯವೆಂದರೆ, ಬಡವನಿಗೆಂದೇ ತೆಗೆದಿಟ್ಟ ಹಣ ದಾರಿತಪ್ಪಿದಾಗ ನಾವು ಕೊಳವೆ ರಿಪೇರಿ ಮಾಡಲು ಹೊರಡುತ್ತೇವೆ, ಹೊಣೆಗಾರರನ್ನು ಹುಡುಕುತ್ತೇವೆ, ತನಿಖೆ ಕೇಳುತ್ತೇವೆ. ಮೇಲಿನವರಿಗೆಂದು ಬಿಟ್ಟ ಹಣ ಕೆಳಗೆ ತಲುಪದಿದ್ದಾಗ ಹಾಗೆ ಕೇಳುವವರು ಕಡಿಮೆ. ಸೋರಿದ್ದಕ್ಕೆ ಜವಾಬ್ದಾರರಿರುತ್ತಾರೆ, ಜಿನುಗದೇ ಹೋದದ್ದಕ್ಕೆ ಯಾರೂ ಇರುವುದಿಲ್ಲ. ಈ ಪದದ ಮೇಲೆ ನನ್ನ ತಕರಾರು ಇದೇ.

ಬೆಳವಣಿಗೆಯೇ ಬಡತನಕ್ಕೆ ಮದ್ದು ಎಂದು ವಾದಿಸುವ ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿ ಕೂಡ ಟ್ರಿಕಲ್ ಡೌನ್ ಎಂಬ ಹೆಸರನ್ನು ಒಪ್ಪುವುದಿಲ್ಲ. ‘ಪುಲ್ ಅಪ್’, ಅಂದರೆ ಮೇಲೆತ್ತುವುದು ಎಂಬುದು ಅವರು ಬಯಸುವ ಪದ. ಒಂದು ತಾನಾಗಿ ಆಗುವುದನ್ನು ಕಾಯುತ್ತದೆ, ಇನ್ನೊಂದು ಉದ್ದೇಶಪೂರ್ವಕ ಕ್ರಿಯೆ ಎಂಬುದು ಅವರ ವಿವರಣೆ. ಅವರ ನೀತಿಯನ್ನು ಒಪ್ಪದವರೂ ಅವರು ಪದ ಬದಲಿಸಿದ ಕಾರಣವನ್ನು ಒಪ್ಪಬಹುದು.

ಹಾಗಾದರೆ ಕನ್ನಡದ ಪತ್ರಕರ್ತರು ಟ್ರಿಕಲ್ ಡೌನ್ ಎಂಬುದನ್ನು ಹೇಗೆ ಬರೆಯಬೇಕು? ‘ಕೆಳಜಿನುಗು ಸಿದ್ಧಾಂತ’ ಎಂದು ಟಂಕಿಸಿದರೆ ಓದುಗನಿಗೆ ಏನೂ ಹೊಳೆಯದು. ಬಾಣಲೆಯ ಎಣ್ಣೆಯ ನೆನಪಾದೀತೇ ಹೊರತು ತೆರಿಗೆಯದ್ದಲ್ಲ. ಚರ್ಚೆಯ ಹೆಸರನ್ನು ಹೇಳಲೇಬೇಕಾದ ಕಡೆ ‘ಟ್ರಿಕಲ್ ಡೌನ್’ ಎಂದೇ ಕನ್ನಡ ಲಿಪಿಯಲ್ಲಿ ಬರೆಯುವುದು ವಾಸಿ. ವಿವರಿಸುವ ಕಡೆ ಒಂದು ಪದದ ಬದಲು ಒಂದು ವಾಕ್ಯವನ್ನೇ ಬರೆಯಬೇಕು, ಆ ವಾಕ್ಯದಲ್ಲಿ ಕರ್ತೃಪದ ಇರಬೇಕು. 2019ರ ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರ ದೇಶಿ ಕಂಪನಿಗಳ ಮೂಲ ತೆರಿಗೆ ದರವನ್ನು, ಅವು ಬೇರೆ ವಿನಾಯಿತಿಗಳನ್ನು ಬಿಟ್ಟುಕೊಡುವ ಷರತ್ತಿನ ಮೇಲೆ, ಶೇ 30ರಿಂದ 22ಕ್ಕೆ, ಹೊಸ ತಯಾರಿಕಾ ಕಂಪನಿಗಳಿಗೆ ಶೇ 15ಕ್ಕೆ ಇಳಿಸಿತು. ‘ಇಳಿಸಿತು’: ಇಲ್ಲಿ ಕರ್ತೃ ಸ್ಪಷ್ಟ. ಮುಂದಿನ ವಾಕ್ಯವನ್ನೂ ಹಾಗೆಯೇ ಬರೆಯಬಹುದು. ಉಳಿದ ತೆರಿಗೆಯ ಹಣವನ್ನು ಹೊಸ ಯಂತ್ರಕ್ಕೆ ಹಾಕಬೇಕೇ, ಹಳೆ ಸಾಲ ತೀರಿಸಬೇಕೇ, ಷೇರುದಾರರಿಗೆ ಲಾಭಾಂಶ ಹಂಚಬೇಕೇ, ಗೇಟಿನ ಹೊರಗೆ ಕೆಲಸಕ್ಕೆ ಕಾದಿರುವವರನ್ನು ಒಳಗೆ ಕರೆಯಬೇಕೇ ಎಂದು ಪ್ರತಿ ಕಂಪನಿಯ ಆಡಳಿತ ಮಂಡಳಿ ಕುಳಿತು ತೀರ್ಮಾನಿಸುತ್ತದೆ, ಮತ್ತು ಆ ತೀರ್ಮಾನವನ್ನು ತನ್ನ ವಾರ್ಷಿಕ ವರದಿಯ ಲೆಕ್ಕಪತ್ರದಲ್ಲಿ ಅಚ್ಚುಹಾಕಿಸುತ್ತದೆ.